ಕೆರೆಗೆ ಇಳಿಸಿದ ಬಾಗಿಲು

ಮಕ್ಕಳನ್ನು ಈಜುಸ್ಪರ್ಧೆಗೆ ಕರೆದುಕೊಂಡು ಹೋಗುವವರು ಈಗ ನನ್ನ ಹತ್ತಿರ ಬಂದು ಸಲಹೆ ಕೇಳುವುದುಂಟು. ನನಗೆ ಈಜು ಬರುವುದಿಲ್ಲ. ಕಾಪುವಿನಲ್ಲಿ, ಸಮುದ್ರದ ಸದ್ದು ಮನೆಯೊಳಗೆ ಕೇಳುವಷ್ಟು ಹತ್ತಿರ ಇಷ್ಟು ವರ್ಷ ಬದುಕಿಯೂ ಮೊಣಕಾಲಿಗಿಂತ ಮೇಲೆ ನೀರು ಬರಲು ಬಿಟ್ಟವನಲ್ಲ. ಆದರೂ ಕೇಳುತ್ತಾರೆ, ನಾನೂ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ ಎಂಬುದು ಹೆಂಡತಿಯ ದೂರು.

ನಾನು ಹೇಳುವ ಮೊದಲ ಮಾತು ಒಂದೇ. ಸ್ಪರ್ಧೆಗೆ ಒಂದು ವಾರ ಮೊದಲು ಹೋಗಿ ಆ ಕೊಳವನ್ನು ನೋಡಿ ಬನ್ನಿ. ಮಗುವನ್ನೂ ಕರೆದುಕೊಂಡು ಹೋಗಿ. ಅದು ದಂಡೆಯಲ್ಲಿ ಕುಳಿತು ಕಾಲು ಅದ್ದಲಿ, ಗೋಡೆ ಮುಟ್ಟಲಿ, ಬಾಗಿಲ ಬಳಿ ಬರೆದಿಟ್ಟ ನಿಯಮಗಳನ್ನು ಓದಲಿ. ಬಸ್ಸಿನ ಚಾರ್ಜು ಉಳಿಯಿತು ಎಂದು ಮನೆಯಲ್ಲೇ ಉಳಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅದನ್ನೇ ಬರೆಯುತ್ತೇನೆ.

ನನ್ನದು ಹಳೆ ಮರದ ವ್ಯಾಪಾರ. ಎಪ್ಪತ್ತರ ದಶಕದ ಕೊನೆಗೆ ನಮ್ಮ ಕಡೆಯ ಮನೆಮನೆಗೂ ಗಲ್ಫಿನ ಸಂಪಾದನೆ ಬರತೊಡಗಿತು. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದೇ ಎಲ್ಲರಿಗೂ ಆತುರ. ಕೆಡವಿದ ಮನೆಯ ತೊಲೆ, ಪಕ್ಕಾಸು, ಬಾಗಿಲು, ಹಂಚು ಯಾರಿಗೂ ಬೇಡ. ಅವರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗುತ್ತದೆ ಎಂದು ತಿಳಿದುಕೊಳ್ಳುವುದಕ್ಕೆ ಶಾಲೆ ಕಲಿಯಬೇಕಾಗಿಲ್ಲ. ಉಡುಪಿಯ ಒಂದು ಮರದ ಡಿಪೋದಲ್ಲಿ ಹಲಗೆ ಹೊರುತ್ತಿದ್ದವನು ನಾನು. ಕಾಪುವಿನ ಹೆದ್ದಾರಿ ಬದಿಯಲ್ಲಿ ಹೆಣೆದ ತೆಂಗಿನ ಮಡಲು ಹೊದೆಸಿದ ಒಂದು ಶೆಡ್ಡು ಹಾಕಿ ಸ್ವಂತ ವ್ಯಾಪಾರ ತೊಡಗಿದೆ. ನನ್ನ ಗುರುವೂ ಬಂಡವಾಳವೂ ಒಂದೇ ನಿಯಮ: ಮರವನ್ನು ಬೆರಳ ಗಂಟಿನಿಂದ ಬಡಿದು ಸದ್ದು ಕೇಳದೆ ಮಾತು ಕೊಡಬಾರದು. ಹೊರಗೆ ಬಣ್ಣ ಹೊಡೆದ ಬಾಗಿಲು ಒಳಗೆ ಗೆದ್ದಲಿಗೆ ಊಟವಾಗಿರಬಹುದು. ಈ ನಿಯಮವನ್ನು ಜೀವನದಲ್ಲಿ ಒಮ್ಮೆ ಮಾತ್ರ ಮುರಿದೆ. ಅದು ಮಗಳ ವಿಷಯದಲ್ಲಿ.

ಮಗಳು ಐದನೇ ತರಗತಿಯಿಂದ ಕಾರ್ಕಳದ ಕಡೆ, ಅಜೆಕಾರಿಗೆ ಹೋಗುವ ದಾರಿಯಲ್ಲಿದ್ದ ಸೋದರಮಾವನ ಮನೆಯಲ್ಲಿ ಇದ್ದು ಓದುತ್ತಿದ್ದಳು. ನಮ್ಮ ಶೆಡ್ಡಿಗೂ ಹೆದ್ದಾರಿಗೂ ನಡುವೆ ಹತ್ತು ಹೆಜ್ಜೆ ಕೂಡ ಇರಲಿಲ್ಲ, ಹಗಲಿಡೀ ಲಾರಿ. ಅವಳ ಮಾವನೇ ಬಂದು, "ಮಗುವನ್ನು ನಮ್ಮಲ್ಲಿ ಬಿಡಿ, ಶಾಲೆಯೂ ಹತ್ತಿರ" ಎಂದು ಕರೆದುಕೊಂಡು ಹೋದರು. ನಮ್ಮಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು. ಕಾಗದದಲ್ಲಿ ಕಾನೂನು ಬದಲಾಗಿ ಎಷ್ಟೋ ಕಾಲವಾಗಿತ್ತು, ಆದರೆ ಸೋದರಮಾವ ಬಾಯಿ ತೆರೆದರೆ ಅಪ್ಪ ಸ್ವಲ್ಪ ಸುಮ್ಮನಿರುವ ರೂಢಿ ಹಾಗೆಯೇ ಉಳಿದಿತ್ತು. ನಾನು ಅವರನ್ನು ಭಾವ ಎನ್ನುತ್ತಿದ್ದೆ, ಅವರೂ ನನ್ನನ್ನು ಭಾವ ಎನ್ನುತ್ತಿದ್ದರು. ಒಂದೇ ಶಬ್ದವಾದರೂ ಅವರು ಹೇಳುವಾಗ ಅದು ಒಂದು ಮೆಟ್ಟಿಲು ಮೇಲಿನಿಂದ ಬರುತ್ತಿತ್ತು.

ಭಾವನದು ಗದ್ದೆ ಬೇಸಾಯ. ಗದ್ದೆಗೆ ನೀರು ಬಿಡುವ ಕೆರೆ ಮನೆಯ ಕೆಳಗೇ ಇತ್ತು. ಒಂದು ಕಡೆ ಕೆಂಪು ಮುರಕಲ್ಲಿನ ಮೆಟ್ಟಿಲು, ಎದುರು ಕಡೆ ಮಣ್ಣಿನ ಇಳಿಜಾರು ದಂಡೆ. ಸಿಪ್ಪೆ ಸಹಿತ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಹೊಟ್ಟೆಯಡಿಗೆ ಕಟ್ಟಿ ಭಾವನೇ ಅವಳಿಗೆ ಈಜು ಕಲಿಸಿದ್ದರು. ಒಂದು ತಿಂಗಳಲ್ಲಿ ಕಾಯಿ ಬಿಚ್ಚಿದರು. ಆರು ತಿಂಗಳಲ್ಲಿ ಅವಳನ್ನು ನೀರಿನಿಂದ ಮೇಲೆ ಕರೆಯುವುದೇ ಅವಳ ಮಾಮಿಗೆ ದೊಡ್ಡ ಕೆಲಸವಾಯಿತು. ಶಾಲೆಯ ಪಿ.ಟಿ. ಮಾಸ್ತರರು ಒಮ್ಮೆ ಆ ದಾರಿಯಲ್ಲಿ ಹೋಗುವಾಗ ನೋಡಿ, ತಾಲೂಕು ಮಟ್ಟದ ಸ್ಪರ್ಧೆಗೆ ಹೆಸರು ಬರೆದರು. ಹುಡುಗಿಯರ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಒಬ್ಬಳೇ ಈಜಿ ಒಬ್ಬಳೇ ಮೊದಲ ಸ್ಥಾನ ಪಡೆದು ಬಂದಳು. ಮುಂದಿನದು ಮಣಿಪಾಲದಲ್ಲಿ, ಜಿಲ್ಲಾ ಮಟ್ಟ. ಆಗ ಜಿಲ್ಲೆ ಎಂದರೆ ಮಂಗಳೂರೂ ಸೇರಿದ ದೊಡ್ಡ ಜಿಲ್ಲೆ.

ಅಷ್ಟರಲ್ಲಿ ಅವಳಿಗೆ ಹದಿಮೂರು ತುಂಬಿತು. ಕೆರೆಯ ದಂಡೆಯ ಮೇಲಿನ ಕಾಲುದಾರಿ ರಸ್ತೆಯಾಗಿ, ಅದರಲ್ಲಿ ಬಸ್ಸು ಓಡತೊಡಗಿತು. ಭಾವ ನನಗೆ ಹೇಳಿಕಳುಹಿಸಿದರು. ಹೋದೆ. ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದಾದ ಮೇಲೆ ಮಾತು ಬಂತು. ಆಡಿದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ.

"ಇನ್ನು ಈಜು ಸಾಕು ಭಾವ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡ್ತಾರೆ."

"ತಲೆ ಹೊರಗೆ ಹಾಕಿದವರ ತಪ್ಪಿಗೆ ನಮ್ಮ ಹುಡುಗಿ ಯಾಕೆ ಮನೆಯೊಳಗೆ ಕೂರಬೇಕು?"

"ನೀವು ಕಾಪುವಲ್ಲಿ ಮಾತಾಡುವವರು. ಇಲ್ಲಿ ಉತ್ತರ ಕೊಡುವವನು ನಾನು."

ಅದು ನಿಜವೇ. ಹಾಗೆಂದು ಸುಮ್ಮನಿದ್ದರೆ ನಾನು ವ್ಯಾಪಾರಿಯೇ ಅಲ್ಲ. ಮಣಿಪಾಲದ್ದೊಂದು ಮುಗಿಯಲಿ ಎಂದೆ. ಅಲ್ಲಿ ಚೆನ್ನಾಗಿ ಈಜಿದರೆ ಮುಂದುವರಿಸಲಿ, ಇಲ್ಲದಿದ್ದರೆ ನೀವು ಹೇಳಿದಂತೆ ಎಂದೆ.

"ಚೆನ್ನಾಗಿ ಅಂದ್ರೆ ಎಂತ? ಮೊದಲು ಬರಲಿ."

"ಮೊದಲು ಬರಬೇಕು ಅಂದ್ರೆ ಹೇಗೆ? ಮೊದಲ ಐದರಲ್ಲಿ ಬಂದ್ರೆ ಸಾಲದಾ?"

"ಐದರಲ್ಲಾ? ನೀರಿಗೆ ಬಿದ್ದ ಬೆಕ್ಕೂ ಐದರಲ್ಲಿ ಬರ್ತದೆ."

ಎಳೆದಾಡಿ ಮೂರಕ್ಕೆ ನಿಂತಿತು. ಮೊದಲ ಮೂವರಲ್ಲಿ ಒಬ್ಬಳಾದರೆ ಈಜು ಮುಂದುವರಿಯುತ್ತದೆ. ಇಲ್ಲದಿದ್ದರೆ ಕೆರೆಗೆ ಬೇಲಿ. ಒಂದರಿಂದ ಮೂರಕ್ಕೆ ಇಳಿಸಿದೆ ಎಂಬ ಹೆಮ್ಮೆಯಲ್ಲಿ ನಾನು ಎದ್ದೆ. ಎದುರಿಗೆ ಈಜುವ ಮಂಗಳೂರಿನ ಮಕ್ಕಳು ಹೇಗಿದ್ದಾರೆ, ಎಲ್ಲಿ ಕಲಿತಿದ್ದಾರೆ, ಕೊಳ ಹೇಗಿದೆ, ಒಂದನ್ನೂ ಕೇಳಿರಲಿಲ್ಲ. ಮರ ಬಡಿದು ನೋಡದೆ ಮಾತು ಕೊಟ್ಟಿದ್ದೆ.

ಅಂಗಳ ದಾಟುವಾಗ ಮಗಳು ಬಟ್ಟೆ ಒಣಗಿಸುವ ಹಗ್ಗದ ಹಿಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಪ್ಪಾ, ನನ್ನ ಹತ್ತಿರ ಒಂದು ಮಾತು ಕೇಳದೆ ನನ್ನನ್ನು ಮಾರಿದ್ರಾ?"

"ಮಾರಿದ್ದಲ್ಲ ಮಗಾ, ಉಳಿಸಿದ್ದು."

"ಉಳಿಸಿದ್ದಾ? ಮೂರು ಅಂದ್ರೆ ಸುಲಭ ಅಂತ ಯಾರು ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ. ಆದ್ದರಿಂದ ಎರಡನೆಯ ಸಲಹೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ಮಗು ಎಷ್ಟನೆಯ ಸ್ಥಾನಕ್ಕೆ ಬರಬೇಕು ಎಂದು ದೊಡ್ಡವರು ಜಗಲಿಯಲ್ಲಿ ಕುಳಿತು ತೀರ್ಮಾನಿಸಬಾರದು. ನೀರಿಗೆ ಇಳಿಯುವವರನ್ನು ಮೊದಲು ಕೇಳಬೇಕು.

ಈಜುಡುಗೆ ಬೇಕು ಎಂದು ಪಿ.ಟಿ. ಮಾಸ್ತರರು ಹೇಳಿದ್ದರು. ಅವಳು ಅಷ್ಟರವರೆಗೆ ಹಳೆ ಬನಿಯನ್ನು, ಚಡ್ಡಿ ಹಾಕಿ ಈಜಿದವಳು. ಉಡುಪಿಯ ಬಟ್ಟೆ ಅಂಗಡಿಗಳಲ್ಲಿ ಕೇಳಿದರೆ ಅಂಗಡಿಯವರು ನನ್ನನ್ನೇ ಮೇಲಿನಿಂದ ಕೆಳಗೆ ನೋಡಿದರು. ಕೊನೆಗೆ ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದ ನೆರೆಯವನಿಗೆ ಪತ್ರ ಬರೆದೆ. ಬರೆಯುವಾಗ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಬೆಳೆಯುವ ಹುಡುಗಿ, ಎರಡು ವರ್ಷವಾದರೂ ಬರಲಿ ಎಂದು ಅಳತೆಗಿಂತ ಎರಡು ನಂಬರು ದೊಡ್ಡದನ್ನೇ ಕಳುಹಿಸು ಎಂದು ಬರೆದೆ. ಪೊಟ್ಟಣ ಬೊಂಬಾಯಿ ಬಸ್ಸಿನಲ್ಲಿ ಸ್ಪರ್ಧೆಯ ಹಿಂದಿನ ದಿನ ಕಾಪುವಿಗೆ ಬಂತು. ಹೆಂಡತಿ ಬಿಚ್ಚಿ ನೋಡಿ, "ಇದರಲ್ಲಿ ಅವಳೂ ಹೋಗ್ತಾಳೆ, ಅವಳ ಸ್ಲೇಟು ಪುಸ್ತಕವೂ ಹೋಗ್ತದೆ" ಎಂದಳು. ಮರುದಿನ ಒಂದು ಹಳೆ ಮನೆಯ ಹಂಚು ಬಂದು ಇಳಿಯುವುದಿತ್ತು, ಅವಳು ಶೆಡ್ಡು ಬಿಟ್ಟು ಬರುವಂತಿರಲಿಲ್ಲ. ನಾನೊಬ್ಬನೇ ಪೊಟ್ಟಣ ಹಿಡಿದು ಬೆಳಗ್ಗಿನ ಮೊದಲ ಬಸ್ಸಿಗೆ ಉಡುಪಿಗೆ ಹೋಗಿ, ಅಲ್ಲಿಂದ ಮಣಿಪಾಲದ ಗುಡ್ಡ ಹತ್ತಿದೆ.

ಭಾವ, ಅವರ ಹೆಂಡತಿ, ನನ್ನ ಮಗಳು ಮೂವರೂ ಕಾರ್ಕಳದ ಬಸ್ಸಿನಲ್ಲಿ ಪರ್ಕಳ ದಾರಿಯಾಗಿ ಬಂದಿಳಿದರು. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುವುದು. ಭಾವ ಇಸ್ತ್ರಿ ಹಾಕಿದ ಮುಂಡು ಉಟ್ಟು, ಹೆಗಲಿಗೆ ಜರಿ ಅಂಚಿನ ಶಾಲು ಹಾಕಿ, ಮದುವೆಗೆ ಹೊರಟವರಂತೆ ಇದ್ದರು. ಮಗಳು ಮಾತ್ರ ತಲೆಯಿಂದ ಕಾಲಿನವರೆಗೆ ಹೊಳೆಯುತ್ತಿದ್ದಳು. ಅಕ್ಕ ಬೆಳಗ್ಗೆಯೇ ಅವಳನ್ನು ಕೂರಿಸಿ, ಹೊಸತಾಗಿ ಗಾಣದಿಂದ ತಂದ ತೆಂಗಿನೆಣ್ಣೆಯನ್ನು ತಲೆಗೂ ಮೈಗೂ ತಿಕ್ಕಿ ತಿಕ್ಕಿ ಹಚ್ಚಿದ್ದರು. ಆ ಮನೆಯಲ್ಲಿ ಎಣ್ಣೆ ಹಚ್ಚದೆ ಕೆರೆಗೆ ಇಳಿಯುವ ಪದ್ಧತಿ ಇರಲಿಲ್ಲ. ಚಳಿ ತಾಗುವುದಿಲ್ಲ, ಕಿವಿಗೆ ನೀರು ಹೋಗುವುದಿಲ್ಲ, ಮೈ ಹಗುರಾಗುತ್ತದೆ. ದೊಡ್ಡ ದಿನವಾದ್ದರಿಂದ ಅಂದು ಎಣ್ಣೆಯೂ ದೊಡ್ಡ ಪ್ರಮಾಣದಲ್ಲೇ ಆಗಿತ್ತು.

ಈಜುಕೊಳದ ಬಾಗಿಲಲ್ಲಿ ಕೊರಳಿಗೆ ವಿಸಿಲು ತೂಗುಹಾಕಿದ ಒಬ್ಬರು ನಿಂತಿದ್ದರು. ಕೊಳ ನೋಡಿಕೊಳ್ಳುವವರು ಅವರೇ. ಮಗಳ ಕಾಲಿನ ಗುರುತು ಸಿಮೆಂಟಿನ ಮೇಲೆ ಒಂದೊಂದಾಗಿ ಮೂಡುವುದನ್ನು ನೋಡಿ ಅವರು ವಿಸಿಲನ್ನೇ ಊದಿಬಿಟ್ಟರು.

"ಎಂತದ್ದು ಇದು? ಎಣ್ಣೆಯಾ?"

"ಹೌದು. ಶುದ್ಧ ತೆಂಗಿನೆಣ್ಣೆ" ಎಂದರು ಅಕ್ಕ, ಹೊಗಳಿಕೆ ನಿರೀಕ್ಷಿಸುವ ದನಿಯಲ್ಲಿ.

"ಶುದ್ಧವೋ ಅಶುದ್ಧವೋ, ಇದು ಇಳಿದ್ರೆ ಇಡೀ ಕೊಳದ ನೀರು ಹಾಳು. ಬೋರ್ಡು ಓದ್ಲಿಲ್ವಾ? ಎಣ್ಣೆ ಹಚ್ಚಿದವರಿಗೆ ಪ್ರವೇಶ ಇಲ್ಲ."

ಭಾವನ ಮುಖ ಕೆಂಪಾಯಿತು. "ನಮ್ಮ ಮನೆಯ ಮಕ್ಕಳು ಎಣ್ಣೆ ಹಚ್ಚಿಯೇ ನೀರಿಗೆ ಇಳಿಯುವುದು. ನಮ್ಮ ಕೆರೆಯ ನೀರು ಈವರೆಗೆ ಹಾಳಾಗ್ಲಿಲ್ಲ."

"ಹಾಗಾದ್ರೆ ನಿಮ್ಮ ಕೆರೆಯಲ್ಲೇ ಸ್ಪರ್ಧೆ ಇಟ್ಟುಕೊಳ್ಳಿ ಮಾರಾಯ್ರೇ."

ಇಲ್ಲಿ ತಂದೆತಾಯಿಗೆ ನನ್ನದೊಂದು ಮುಖ್ಯ ಸಲಹೆ. ನಿಯಮ ಹೇಳುವವರ ಹತ್ತಿರ ನಿಯಮದ ಬಗ್ಗೆ ಜಗಳ ಮಾಡಬೇಡಿ. ಗೆಲ್ಲುವುದಿಲ್ಲ. ಅವರಲ್ಲಿ ಕಾಲಾವಕಾಶ ಕೇಳಿ. ನಾನು ಭಾವನನ್ನು ಪಕ್ಕಕ್ಕೆ ಸರಿಸಿ, ಎಣ್ಣೆ ಇಲ್ಲದೆ ಬಂದರೆ ಎಷ್ಟು ಹೊತ್ತಿನವರೆಗೆ ಬಿಡುತ್ತೀರಿ ಎಂದು ಕೇಳಿದೆ. ಅವರು ಮೇಜಿನ ಮೇಲಿನ ಪಟ್ಟಿ ನೋಡಿ, ಹುಡುಗಿಯರ ನೂರು ಮೀಟರು ಐದನೆಯ ಸ್ಪರ್ಧೆ, ಅದರೊಳಗೆ ಬಂದರೆ ಸರಿ ಎಂದರು. ಅದನ್ನು ಏಳನೆಯದು ಮಾಡಿ ಎಂದೆ. ಆಗುವುದಿಲ್ಲ ಎಂದರು. ಆಗುವುದಿಲ್ಲ ಎಂದವರ ಹತ್ತಿರ ಕೂಡಲೇ ಚಿಕ್ಕದೊಂದನ್ನು ಕೇಳಬೇಕು, ಎರಡನೆಯ ಸಲ ಇಲ್ಲ ಎನ್ನಲು ಅವರಿಗೂ ಕಷ್ಟ. "ಅವಳ ಹೆಸರನ್ನು ಮೂರು ಸಲ ಕರೆಯಿರಿ, ಅಷ್ಟೇ" ಎಂದೆ. ಅವರು ನನ್ನನ್ನು ನೋಡಿ, "ಎರಡು ಸಲ" ಎಂದರು. ಅಲ್ಲಿಗೆ ಬಿಟ್ಟೆ.

ತೆಂಗಿನೆಣ್ಣೆ ಸಾಬೂನಿಗೆ ಬಗ್ಗುವ ವಸ್ತುವಲ್ಲ. ಹೆಣ್ಣುಮಕ್ಕಳ ಬಚ್ಚಲಿನ ಒಳಗಿನಿಂದ ಅಕ್ಕ ಕೂಗಿ ಹೇಳಿದರು: "ಕಡ್ಲೆಹಿಟ್ಟು ಬೇಕು! ಸಾಬೂನಿಗೆ ಹೋಗುದಿಲ್ಲ ಇದು!" ನಾನು ಮೇಜಿನ ಬಳಿ ಪಟ್ಟಿಯ ಮೇಲೆ ಕಣ್ಣಿಟ್ಟು ನಿಲ್ಲಲೇಬೇಕಾಗಿತ್ತು. ಯಾರು ಹೋಗುವುದು ಎಂದು ಯೋಚಿಸುವಷ್ಟರಲ್ಲಿ ಭಾವ ಮುಂಡು ಮೇಲೆ ಕಟ್ಟಿ ಓಡಿದರು. ಹಗ್ಗ ಬಿಚ್ಚಿಕೊಂಡ ಎತ್ತಿನ ಹಿಂದೆ ಕೂಡ ಓಡಿದವರಲ್ಲ ಅವರು. ರಸ್ತೆಯಾಚೆಯ ಹೋಟೆಲಿನ ಅಡುಗೆಮನೆಗೇ ನುಗ್ಗಿದರಂತೆ. ಬಾಳೆಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುತ್ತಿದ್ದವನು ಎಷ್ಟು ಪ್ಲೇಟು ಎಂದು ಕೇಳಿದನಂತೆ.

"ಪ್ಲೇಟು ಬೇಡ, ಹಿಟ್ಟು ಕೊಡು!"

"ಹಿಟ್ಟು ಎಂತಕ್ಕೆ?"

"ತಲೆಗೆ!"

ಅವನು ಭಾವನ ತಲೆ ನೋಡಿದನಂತೆ. ಅದರಲ್ಲಿ ಕೂದಲು ಬಹಳ ಇರಲಿಲ್ಲ. ಇದನ್ನು ಭಾವನೇ ಆಮೇಲೆ ಹೇಳಿದ್ದು, ಹೇಳುವಾಗ ನಕ್ಕರು. ಆ ಹೊತ್ತಿಗೆ ಮಾತ್ರ ಅವರು ಪೇಪರಿನಲ್ಲಿ ಕಟ್ಟಿದ ಹಿಟ್ಟನ್ನು ಎದೆಗೆ ಒತ್ತಿ ಹಿಡಿದು, ಜರಿ ಶಾಲಿಗೆಲ್ಲ ಹಳದಿ ಮಾಡಿಕೊಂಡು ಓಡಿಬಂದರು.

ಒಳಗೆ ಎಣ್ಣೆ ಹೋಗುತ್ತಿರುವಾಗಲೇ ನನ್ನ ಪೊಟ್ಟಣ ಬಿಚ್ಚಿದ್ದರು. ಅಕ್ಕ ಬಾಗಿಲ ಸಂದಿಯಿಂದ ಅದನ್ನು ಹೊರಗೆ ಚಾಚಿ ತೋರಿಸಿದರು.

"ಇದು ಯಾರಿಗೆ ತರಿಸಿದ್ದು ಮಾರಾಯ್ರೇ, ನನಗಾ?"

"ಬೆಳೆಯುವ ಹುಡುಗಿ ಅಲ್ವಾ ಅಕ್ಕ..."

"ಐದನೆಯ ಸ್ಪರ್ಧೆಯೊಳಗೆ ಇಷ್ಟು ಬೆಳೀತಾಳಾ? ನೀರಿಗೆ ಹಾರಿದ್ರೆ ಕೊಡಪಾನದ ಹಾಗೆ ತುಂಬ್ತದೆ ಇದು."

ಭಾವ ನನ್ನನ್ನು ನೋಡಿದರು, ನಾನು ಭಾವನನ್ನು ನೋಡಿದೆ. ಎಣ್ಣೆ ಅವರದು, ಈಜುಡುಗೆ ನನ್ನದು. ಅಕ್ಕನ ಪರ್ಸಿನಲ್ಲಿ ಯಾವಾಗಲೂ ನೂಲು ಸುತ್ತಿದ ಒಂದು ಸೂಜಿ ಇರುತ್ತಿತ್ತು. ಹುಡುಗಿಯ ಮೈಮೇಲೆಯೇ ಹೆಗಲ ಪಟ್ಟಿಯನ್ನೂ ಎರಡು ಬದಿಯನ್ನೂ ಹಿಡಿದು ಹೊಲಿದರು. ನಾಲ್ಕನೆಯ ಸ್ಪರ್ಧೆ ಮುಗಿಯಿತು. ಹೆಸರು ಒಂದು ಸಲ ಕರೆದರು. ನಾನು ಕೈ ಎತ್ತಿ ಸುಮ್ಮನೆ ನಿಂತೆ. ಎರಡನೆಯ ಸಲ ಕರೆಯುವಾಗ ಬಾಗಿಲು ತೆರೆದು ಅವಳು ಓಡಿಬಂದಳು, ಕಿವಿಯ ಹಿಂದೆ ಇನ್ನೂ ಕಡಲೆಹಿಟ್ಟು. ವಿಸಿಲಿನವರು ಅವಳ ಕಾಲಿನ ಗುರುತನ್ನು ಬಗ್ಗಿ ನೋಡಿ, ಹೋಗು ಎಂದು ಕೈ ಬೀಸಿದರು.

ಆರು ಜನ ಹುಡುಗಿಯರು. ಉಳಿದ ಐವರಿಗೂ ತಲೆಗೆ ರಬ್ಬರಿನ ಟೋಪಿ, ಮೈಗೆ ಅಂಟಿದ ಉಡುಗೆ. ನೂರು ಮೀಟರು ಎಂದರೆ ಆ ಕೊಳದಲ್ಲಿ ನಾಲ್ಕು ಉದ್ದ, ನಡುವೆ ಮೂರು ಸಲ ಗೋಡೆ. ಹಾರಿದರು. ಮಗಳು ಹಾರಿದ್ದು ಕೆರೆಯ ಮೆಟ್ಟಿಲಿನಿಂದ ಹಾರುವ ಹಾಗೆಯೇ, ದೊಡ್ಡ ಸದ್ದಿನೊಂದಿಗೆ. ಆದರೆ ನೀರಿಗೆ ಬಿದ್ದ ಮೇಲೆ ನಾನು ಏನನ್ನು ನೋಡಿದೆನೆಂದರೆ, ಅವಳು ಎಲ್ಲರಿಗಿಂತ ಮುಂದೆ ಇದ್ದಳು. ಭಾವ ನನ್ನ ಮೊಣಕೈ ಹಿಡಿದರು.

ಗೋಡೆ ಬಂತು. ಮಗಳು ಎರಡೂ ಕೈಯಿಂದ ಗೋಡೆ ಹಿಡಿದಳು, ತಲೆ ಎತ್ತಿದಳು, ಉಸಿರು ತೆಗೆದಳು, ಹಿಂದೆ ನೋಡಿದಳು, ತಿರುಗಿದಳು, ಹೊರಟಳು. ಬೇರೆ ಹುಡುಗಿಯರು ಗೋಡೆಯ ಹತ್ತಿರ ಬಂದು ನೀರಿನೊಳಗೇ ಮಗುಚಿ, ಕಾಲಿನಿಂದ ಗೋಡೆ ಒದ್ದು, ಬಾಣದ ಹಾಗೆ ವಾಪಸಾದರು. ಒಂದೇ ಕ್ಷಣದಲ್ಲಿ ಅವಳು ಐದನೆಯವಳಾಗಿದ್ದಳು. ಎರಡನೆಯ ಉದ್ದದಲ್ಲಿ ಈಜಿ ಈಜಿ ಮೂವರನ್ನು ಹಿಡಿದಳು. ಮತ್ತೆ ಗೋಡೆ, ಮತ್ತೆ ಹಿಂದೆ. ಕೆರೆಯಲ್ಲಿ ಅವಳು ಈ ದಂಡೆಯಿಂದ ಆ ದಂಡೆಗೆ ಹೋಗಿ, ಮಣ್ಣಿನಲ್ಲಿ ಕಾಲೂರಿ ನಿಂತು, ಬೇಕಾದಷ್ಟು ಉಸಿರೆಳೆದು ತಿರುಗುತ್ತಿದ್ದವಳು. ಗೋಡೆ ಎಂಬುದು ಅವಳ ಈಜಿನಲ್ಲಿ ಇರಲೇ ಇಲ್ಲ.

ಕೊನೆಯ ಉದ್ದದಲ್ಲಿ ಕೂಗಿದ್ದು ಅಕ್ಕ. ಮೂರನೆಯ ಹುಡುಗಿ ಗೋಡೆ ಮುಟ್ಟಿದಾಗ ನನ್ನ ಮಗಳ ಕೈಗೂ ಗೋಡೆಗೂ ಒಂದು ಗೇಣು ಇತ್ತು.

ನಾಲ್ಕನೆಯವಳು.

ಅವಳು ಮೇಲೆ ಹತ್ತಿ ಬಂದಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನೀರಿನಿಂದ ಬಂದ ಮಗುವಿಗೆ ಮೊದಲು ಮೈ ಒರೆಸಲು ಬೈರಾಸು ಕೊಡಬೇಕು, ಆಮೇಲೆ ನೀರು ಕೊಡಬೇಕು, ಅದು ತಾನಾಗಿ ಮಾತಾಡುವವರೆಗೆ ಕಾಯಬೇಕು. ನಾನು ಕೇಳಿದೆ: "ಗೋಡೆ ಹತ್ತಿರ ಯಾಕೆ ನಿಂತದ್ದು ನೀನು?" ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಭಾವ ನನ್ನನ್ನು ದಾಟಿ ಹೋಗಿ, ಕಡಲೆಹಿಟ್ಟಿನ ಜರಿ ಶಾಲನ್ನು ಅವಳಿಗೆ ಸುತ್ತಿದರು.

"ಅಡಿಯಲ್ಲಿ ನೆಲ ಕಾಣ್ತದೆ ಮಾಮ" ಎಂದಳು ಅವಳು, ನನಗಲ್ಲ, ಅವರಿಗೆ. "ಕೆರೆಯಲ್ಲಿ ಏನೂ ಕಾಣುದಿಲ್ಲ ಅಲ್ವಾ. ಇಲ್ಲಿ ಕಪ್ಪು ಗೆರೆ ಎಲ್ಲ ಕಾಣ್ತದೆ. ನೆಲ ಕಂಡ್ರೆ ಕಾಲು ಊರುವಾ ಅನ್ನಿಸ್ತದೆ."

ವಿಸಿಲಿನವರು ಆ ದಾರಿಯಲ್ಲೇ ಹೋಗುತ್ತಿದ್ದರು. ನಿಂತು, "ಕೈ ಒಳ್ಳೆದುಂಟು ಈ ಹುಡುಗಿಗೆ. ಗೋಡೆ ಕಲಿಸಿ" ಎಂದಷ್ಟೇ ಹೇಳಿ ಮುಂದೆ ಹೋದರು.

ಅದೇ ಹೋಟೆಲಿಗೆ ಹೋಗಿ ಕುಳಿತೆವು. ಪೋಡಿಯವನು ಭಾವನ ಗುರುತು ಹಿಡಿದು, ಮಗಳ ತಲೆ ನೋಡಿ, ವಿಷಯ ಅರ್ಥವಾದವನಂತೆ ನಕ್ಕು ಬಿಸಿ ಪೋಡಿ ತಂದಿಟ್ಟ. ವ್ಯಾಪಾರದಲ್ಲಿ ನಾನು ಎಳೆದಾಡುವುದು ಮಾತು ಕೊಡುವ ಮೊದಲು. ಕೊಟ್ಟ ಮೇಲೆ ಲಾರಿಯಲ್ಲಿ ಬಂದ ತೊಲೆ ಬಿರುಕು ಬಿಟ್ಟಿದ್ದರೂ ಇಳಿಸಿಕೊಂಡಿದ್ದೇನೆ. ಬೇರೆ ಯಾರಾದರೂ ನೆನಪಿಸುವ ಮೊದಲು ನಾನೇ ಹೇಳುವುದು ಮರ್ಯಾದೆ ಎನ್ನಿಸಿತು.

"ಮೂರು ಅಂತ ಮಾತಾಗಿತ್ತು ಭಾವ. ನಾಲ್ಕಾಯ್ತು. ಮಾತು ಮಾತೇ."

ಮಗಳು ತಲೆ ಎತ್ತಲಿಲ್ಲ. ಪೋಡಿಯ ಅಂಚನ್ನು ಮುರಿದು ಮುರಿದು ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದಳು.

ಭಾವ ಚಹಾ ಮುಗಿಸಿ ಗ್ಲಾಸನ್ನು ಬೋರಲು ಹಾಕಿದರು.

"ಮೂರು ಸಲ ಗೋಡೆ ಬಂತು. ಮೂರು ಸಲವೂ ಒಂದೊಂದು ಆಳಿನಷ್ಟು ಹಿಂದೆ ಬಿದ್ಲು. ಮಿಕ್ಕ ನೀರಲ್ಲೆಲ್ಲ ಇವಳೇ ಮುಂದೆ. ನೀವು ನೋಡಿದ್ರಾ ಇಲ್ವಾ?"

"ನೋಡಿದೆ."

"ಕೆರೆ ಯಾರದ್ದು?"

"ನಿಮ್ಮದು."

"ಅದರಲ್ಲಿ ಗೋಡೆ ಇಲ್ಲದ್ದು ಯಾರ ತಪ್ಪು? ಎಣ್ಣೆ ಯಾರ ಮನೆಯದ್ದು? ಬೆಳಿಗ್ಗೆಯಿಂದ ತಲೆ ತಿಕ್ಕಿಸಿಕೊಂಡು, ಹೊಲಿಸಿಕೊಂಡು, ಬೆದರಿ ಹೋಗಿ ಹಾರಿದ ಹುಡುಗಿ ಅವಳು. ಸೋತದ್ದು ನಾವು ಮಾರಾಯ್ರೇ, ಅವಳಲ್ಲ."

ಅಕ್ಕ ಕೂಡಲೇ ಸೇರಿಸಿದರು: "ಎಣ್ಣೆಗಿಂತ ಆ ಚೀಲದ್ದೇ ಜಾಸ್ತಿ ತಪ್ಪು."

"ಆಯ್ತು, ಚೀಲದ್ದೂ ಸೇರಿಸು" ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿ, ಜಗಲಿಯ ಮೇಲಿನ ದನಿ ಬಿಟ್ಟು, ಶೆಡ್ಡಿಗೆ ಬಂದ ಗಿರಾಕಿಯ ದನಿಯಲ್ಲಿ ಕೇಳಿದರು: "ನಿಮ್ಮಲ್ಲಿ ಹಳೆ ಬಾಗಿಲು ಉಂಟಾ? ನೀರಲ್ಲಿ ನಿಲ್ಲಿಸಿದ್ರೆ ತಡೆಯುವಂತದ್ದು?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೂ ಅಭ್ಯಾಸಬಲ ನೋಡಿ, ಬಾಯಿ ತಾನಾಗಿ ವ್ಯಾಪಾರಕ್ಕೆ ಇಳಿಯಿತು. "ಹಾಗಾದ್ರೆ ಭಾವ, ಮುಂದಿನ ವರ್ಷ ಮೊದಲ ನಾಲ್ಕರಲ್ಲಿ ಬಂದ್ರೆ..."

"ಅಪ್ಪಾ" ಎಂದಳು ಮಗಳು. ಪೋಡಿಯ ಚೂರುಗಳನ್ನು ಬದಿಗೆ ಸರಿಸಿದಳು. "ಈ ಸಲ ನಾನು ಹೇಳ್ತೇನೆ. ನಂಬರಿನ ಮಾತು ಬೇಡ. ಗೋಡೆ ಹಾಕಿ ಕೊಡಿ. ಬಸ್ಸು ಬರುವ ಹೊತ್ತು ನನಗೆ ಗೊತ್ತುಂಟು, ಆ ಹೊತ್ತಿಗೆ ನೀರಲ್ಲಿ ಇರುದಿಲ್ಲ. ಸಾಕು ಅನ್ನಿಸಿದ ದಿನ ನಾನೇ ಹೇಳ್ತೇನೆ."

ಭಾವ ನನ್ನನ್ನು ನೋಡಿದರು. "ಇದು ನಿಮ್ಮದೇ ಬಾಯಿ" ಎಂದರು. ಅದು ದೂರೋ ಹೊಗಳಿಕೆಯೋ, ನಾನು ಕೇಳಲು ಹೋಗಲಿಲ್ಲ.

ಮುಂದಿನ ವಾರವೇ ಅವರು ಕಾಪುವಿನ ಶೆಡ್ಡಿಗೆ ಬಂದರು. ಹಿಂದೆ ಮನೆಗೆ ಬಂದಿದ್ದರೂ ಆ ಶೆಡ್ಡಿನೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಹೆಂಡತಿ ಗಾಬರಿಯಿಂದ ಕುರ್ಚಿ ಒರೆಸಿದಳು. ಅವರು ಕೂರಲಿಲ್ಲ. ಗೋಡೆಗೆ ಒರಗಿಸಿದ್ದ ಬಾಗಿಲುಗಳನ್ನು ಒಂದೊಂದಾಗಿ ನನ್ನ ಹಾಗೆಯೇ ಬೆರಳ ಗಂಟಿನಿಂದ ಬಡಿಯುತ್ತ ಹೋದರು. ಹಲಸಿನದ್ದೊಂದನ್ನು ಇಷ್ಟಪಟ್ಟರು. ಬೇಡ, ಅದು ನೋಡಲು ಚಂದ, ನೀರಿಗೆ ಆಗುವುದಿಲ್ಲ ಎಂದೆ. ಹಿಂದೆ ಒಂದು ಬೋಗಿ ಮರದ ಬಾಗಿಲಿತ್ತು. ಕಪ್ಪಾಗಿ, ಒರಟಾಗಿ, ಯಾರೂ ಕೇಳದೆ ಮೂಲೆ ಸೇರಿದ್ದು. ಆ ಮರಕ್ಕೆ ಗೆದ್ದಲೂ ಸೋಲುತ್ತದೆ, ನೀರೂ ಸೋಲುತ್ತದೆ. ಬಡಿದು ತೋರಿಸಿದೆ. ಭಾವನೂ ಬಡಿದರು. "ಇದೇ" ಎಂದರು.

ಬೇಸಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಮಣ್ಣಿನ ದಂಡೆಯ ಕಡೆ ಎರಡು ಕಂಬ ಹೂತು ಬಾಗಿಲನ್ನು ಅಡ್ಡಲಾಗಿ ಬಿಗಿದೆವು. ಮೆಟ್ಟಿಲಿನಿಂದ ಅಲ್ಲಿಗೆ ಮಣಿಪಾಲದ ಕೊಳದಷ್ಟೇ ಉದ್ದ ಬರುವಂತೆ ಪಿ.ಟಿ. ಮಾಸ್ತರರು ಹಗ್ಗ ಹಿಡಿದು ಅಳೆದು ಕೊಟ್ಟರು. ಮಗುಚುವುದು ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಒಂದು ಪುಸ್ತಕದಲ್ಲಿದ್ದ ಚಿತ್ರ ನೋಡಿ ಬಾಯಲ್ಲಿ ಹೇಳಿದರು. ಮೊದಲ ಸಲ ಅವಳು ಮಗುಚಿ ಬೇರೆಲ್ಲೋ ಎದ್ದಳು. ಎರಡನೆಯ ಸಲ ಮೂಗಿಗೆ ನೀರು ಹೋಗಿ ಕೆಮ್ಮಿದಳು. ಅಕ್ಕ ಮೆಟ್ಟಿಲಲ್ಲಿ ಕುಳಿತು, ಸಾಕು ಬಾ, ಸಾಕು ಬಾ ಎಂದು ಹೇಳುತ್ತಲೇ ಇದ್ದರು. ಅಂದು ಮೈಗೆ ಒಂದು ಹನಿ ಎಣ್ಣೆ ಹಚ್ಚಿರಲಿಲ್ಲ, ಅದೊಂದು ಸಂಕಟ ಬೇರೆ ಅವರಿಗೆ.

ಮರುವರ್ಷ ಮಣಿಪಾಲದಲ್ಲಿ ಅವಳು ಎಷ್ಟನೆಯವಳಾದಳು ಎಂದು ಕೇಳುವವರಿದ್ದಾರೆ. ಎರಡನೆಯವಳು. ಆದರೆ ನನಗೆ ಸಲಹೆ ಕೊಡುವ ಧೈರ್ಯ ಬಂದದ್ದು ಆ ದಿನದಿಂದಲ್ಲ. ಆ ಬೇಸಗೆಯ ಸಂಜೆ, ಹತ್ತೋ ಹನ್ನೆರಡನೆಯದೋ ಪ್ರಯತ್ನದಲ್ಲಿ ಅವಳು ಬಾಗಿಲ ಹತ್ತಿರ ಬಂದು ನೀರಿನೊಳಗೆ ಮಾಯವಾದಳು. ಅಂಗಾಲು ಎರಡೂ ಒಟ್ಟಿಗೆ ಬಾಗಿಲಿಗೆ ಬಡಿದ ಸದ್ದು ಕೆರೆಯ ತುಂಬ ಕೇಳಿತು. ತುಂಬಿದ ಮರದ ಸದ್ದು, ಎಲ್ಲೂ ಟೊಳ್ಳಿಲ್ಲ. ಅವಳು ಕೆರೆಯ ನಡುವೆ ಎಲ್ಲೋ ಮೇಲೆ ಬಂದಳು, ಆಗಲೇ ಕೈ ಬೀಸುತ್ತಿದ್ದಳು.

ದಂಡೆಯ ಮೇಲೆ ಬಸ್ಸು ಹೋಯಿತು. ಅಂದು ಅವಳೂ ಹೊತ್ತು ಮರೆತಿದ್ದಳು. ಯಾರೋ ತಲೆ ಹೊರಗೆ ಹಾಕಿದ್ದನ್ನು ನಾನು ನೋಡಿದೆ. ಭಾವ ನೋಡಲಿಲ್ಲ. ಅವರು ಮುಂಡು ನೆನೆಯುವುದನ್ನೂ ಲೆಕ್ಕಿಸದೆ ಕೊನೆಯ ಮೆಟ್ಟಿಲಿಗೆ ಇಳಿದು ಕೂಗುತ್ತಿದ್ದರು:

"ಇನ್ನೂ ಜೋರಾಗಿ ಒದಿ ಮಗಾ! ಬೋಗಿ ಮರ ಅದು, ಮುರಿಯುದಿಲ್ಲ!"